ದೇಶಾಂತರಗಳಲ್ಲಿ ದಾನದ ಬಿನ್ನಹ

(ಶ್ರೀಮಠದ ಮಹೋತ್ಸವದ ಭಕ್ತಸಭೆಯಲ್ಲಿ ಮಾಡಿದ ಭಾಷಣ)

ಧರ್ಮಕಾರ್ಯಗಳಿಗಾಗಿ ಅಂತರ್ಜಾಲದ ಮೂಲಕ ನಾನಾ ದೇಶದವರಲ್ಲಿ ದ್ರವ್ಯಸಹಾಯವನ್ನು ಬೇಡುವ ಪದ್ಧತಿಯು ಈಗ ಎಲ್ಲೆಡೆಯೂ ನಡೆದಿದೆ. ಒಂದು ದೇಶದವರಿಗಾಗಿ ಬರೆದ ಬಿನ್ನಹವು ಮತ್ತೊಂದು ದೇಶದಲ್ಲಿ ಫಲಿಸಬೇಕಾದರೆ ಯಾವುದನ್ನು ಮಾರ್ಪಡಿಸಬೇಕು, ಯಾವುದನ್ನು ಮಾರ್ಪಡಿಸಲಾಗದು ಎಂಬುದೇ ಇಂದಿನ ವಿಷಯ.

ವಿಷಯವು ನಮಗೆ ತೀರ ಹೊಸತೇನೂ ಅಲ್ಲ. ಜೋಳಿಗೆ ಹಿಡಿದು ಹೊರಟ ಜಂಗಮರು ರೈತನ ಬಳಿಗೆ ರಾಶಿಯ ಕಾಲದಲ್ಲಿ ಕಣಕ್ಕೆ ಹೋಗುತ್ತಿದ್ದರು; ವರ್ತಕನ ಬಳಿಗೆ ಅಂಗಡಿಗೆ ಹೋಗುತ್ತಿದ್ದರು. ಒಬ್ಬನಲ್ಲಿ ಜೋಳ, ಮತ್ತೊಬ್ಬನಲ್ಲಿ ನಾಣ್ಯ. ಯಾರ ಬಾಗಿಲಲ್ಲಿ ಯಾವ ಹೊತ್ತಿಗೆ ಯಾವ ಮಾತನ್ನಾಡಬೇಕೆಂಬುದನ್ನು ಅವರು ಬಲ್ಲವರಾಗಿದ್ದರು. ಅಂತರ್ಜಾಲದಲ್ಲಿ ಬಿನ್ನಹವನ್ನು ಬರೆಯುವವನಿಗೆ ಬಾಗಿಲೇ ಕಾಣಿಸದು. ಆದಕಾರಣ ಅವನು ತನ್ನ ಊರಿನ ಮಾತನ್ನೇ ಪರಭಾಷೆಗೆ ತಿರುಗಿಸಿ, ಕೆಲಸ ಮುಗಿಯಿತೆಂದು ಭಾವಿಸುತ್ತಾನೆ.

ಮೊದಲು ಶಬ್ದವನ್ನೇ ನೋಡೋಣ. ಇಂಗ್ಲಿಷರ ‘ಚಾರಿಟಿ’ ಎಂಬ ಶಬ್ದದ ಮೂಲದಲ್ಲಿ ಪ್ರೀತಿಯಿದೆ. ಯೆಹೂದ್ಯರ ‘ತ್ಸೆದಾಕಾ’ ಎಂಬುದು ನ್ಯಾಯವೆಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. ಕೊಡುವುದು ಅವರಲ್ಲಿ ದಯೆಯಲ್ಲ, ಕರ್ತವ್ಯ. ಮುಸಲ್ಮಾನರ ‘ಜಕಾತ್’ ಎಂಬುದರಲ್ಲಿ ಶುದ್ಧಿಯ ಅರ್ಥವಿದೆ. ಅದಕ್ಕೆ ಉಳಿತಾಯದ ನೂರಕ್ಕೆ ಎರಡೂವರೆ ಎಂಬ ಪ್ರಮಾಣವೂ, ಪಡೆಯಲು ಅರ್ಹರಾದ ಎಂಟು ವರ್ಗಗಳೂ ನಿಯತವಾಗಿವೆ. ಆದಕಾರಣ ತಾನು ಕೊಟ್ಟದ್ದು ಆ ವರ್ಗಗಳಿಗೇ ಸಲ್ಲುವುದೋ, ಅಥವಾ ಕಟ್ಟಡದ ಗಾರೆಗೆ ಹೋಗುವುದೋ ಎಂದು ಅಲ್ಲಿಯ ದಾನಿಯು ಕೇಳಿಯೇ ಕೇಳುತ್ತಾನೆ. ಕೆನ್ಯಾ ದೇಶದವರ ‘ಹರಂಬೀ’ ಎಂದರೆ ಎಲ್ಲರೂ ಕೂಡಿ ಎಳೆಯೋಣ ಎಂದು. ಇನ್ನು ನಮ್ಮ ದಾಸೋಹದಲ್ಲಿ ಕೊಡುವವನೇ ದಾಸನು. ‘ಈ ಬಾಲಕನ ಬಾಳನ್ನು ಬದಲಿಸುವವರು ನೀವೇ’ ಎಂಬ ಮಾತು ಅಮೇರಿಕದ ಬಿನ್ನಹಪತ್ರಗಳಲ್ಲಿ ನಿತ್ಯದ್ದು. ಅದನ್ನೇ ಕನ್ನಡಿಸಿ ನಮ್ಮ ಹಿರಿಯ ಭಕ್ತರೊಬ್ಬರಿಗೆ ಕಳುಹಿಸಿದರೆ, ಅವರು ಸಂಕೋಚದಿಂದ ಓಲೆಯನ್ನು ಮಡಿಚಿಡುವರು.

ಸಂಬೋಧನೆಯೂ ಹಾಗೆಯೇ. ಇಂಗ್ಲಿಷಿನಲ್ಲಿ ಏಕವಚನ ಬಹುವಚನಗಳಿಗೆ ಒಂದೇ ಶಬ್ದ. ಜರ್ಮನರಲ್ಲಿಯೂ ಫ್ರೆಂಚರಲ್ಲಿಯೂ ನಮ್ಮಂತೆಯೇ ಎರಡು. ಯಂತ್ರದಿಂದ ತರ್ಜುಮೆ ಮಾಡಿಸಿದಾಗ ಅಪರಿಚಿತರಾದ ವೃದ್ಧರಿಗೂ ಏಕವಚನ ಬಂದುಬಿಡಬಹುದು. ಹೆಸರಿನ ಎರಡು ಮನೆಗಳನ್ನು ತುಂಬಲೇಬೇಕೆಂಬ ನಮೂನೆಯು ಅಡ್ಡಹೆಸರಿಲ್ಲದ ನಮ್ಮ ಅನೇಕರಿಗೆ ದೊಡ್ಡ ತೊಡಕು. ತಂದೆಯ ಹೆಸರಿನ ಮೊದಲಕ್ಷರವನ್ನೇ ಮಗನ ಹೆಸರೆಂದು ತಿಳಿದು ಬರುವ ವಂದನಾಪತ್ರಗಳ ವಿನೋದವನ್ನು ತಾವೂ ಕಂಡಿರಬಹುದು.

ಮೊತ್ತದ ವಿಷಯವು ಇದಕ್ಕಿಂತ ಸೂಕ್ಷ್ಮವಾದುದು. ನಾವು 101 ಅಥವಾ 501 ರೂಪಾಯಿ ಕೊಡುವವರು. ನೆರೆಯ ತೆಲುಗರು 116 ಅಥವಾ 1,116 ಕೊಡುವವರು. ಚೀನಾ ಜಪಾನುಗಳಲ್ಲಿ ನಾಲ್ಕೆಂಬ ಸಂಖ್ಯೆಯು ಮರಣವೆಂಬ ಶಬ್ದದ ಧ್ವನಿಯನ್ನು ಹೋಲುವುದರಿಂದ ಅದನ್ನು ವರ್ಜಿಸುತ್ತಾರೆ. ಡಾಲರಿನ ಮೊತ್ತವನ್ನು ವಿನಿಮಯದ ದರದಿಂದ ಗುಣಿಸಿ ಬಂದ ಅಡ್ಡಾದಿಡ್ಡಿ ಅಂಕೆಯನ್ನು ಮುಂದಿಟ್ಟರೆ, ಇದು ತನಗಾಗಿ ಬರೆದದ್ದಲ್ಲವೆಂದು ಓದುವವನಿಗೆ ಕೂಡಲೇ ತಿಳಿಯುತ್ತದೆ. ಜರ್ಮನಿಯಲ್ಲಿ 1.000 ಎಂದು ಬರೆದರೆ ಅದು ಒಂದಲ್ಲ, ಸಾವಿರ!

ಕಾಲವೂ ಸಾಧನವೂ ದೇಶದೇಶಕ್ಕೆ ಬೇರೆ. ಅಮೇರಿಕದವರಿಗೆ ತೆರಿಗೆಯ ವರ್ಷವು ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಇಂಗ್ಲಂಡಿನವರಿಗೆ ಏಪ್ರಿಲ್ 5ಕ್ಕೆ, ನಮಗೆ ಮಾರ್ಚ್ 31ಕ್ಕೆ. ರಂಜಾನ್ ಮಾಸವು ಪ್ರತಿವರ್ಷವೂ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಕೆನ್ಯಾದಲ್ಲಿ 2007ರಿಂದ ಎಂ-ಪೆಸಾ ಮೂಲಕ ಮೊಬೈಲಿನಿಂದಲೇ ಹಣ ಕಳುಹಿಸುತ್ತಾರೆ. ನಮ್ಮಲ್ಲಿ 2016ರಿಂದ ಯುಪಿಐ ಬಂದಿದೆ. ಕ್ರೆಡಿಟ್ ಕಾರ್ಡನ್ನು ಮಾತ್ರ ಕೇಳುವ ಬಿನ್ನಹದಿಂದ ಮನಸ್ಸುಳ್ಳ ದಾನಿಯೂ ಹಿಂದಿರುಗುತ್ತಾನೆ.

ಇನ್ನು ಕಾಯಿದೆಯ ಮಾತು. ಮಕ್ಕಳು ಮೊಮ್ಮಕ್ಕಳು ಪರದೇಶಗಳಲ್ಲಿರುವ ಭಕ್ತರು ಇದನ್ನು ಗಮನವಿಟ್ಟು ಕೇಳಬೇಕು. ಇಂಗ್ಲಂಡಿನಲ್ಲಿ 1990ರಿಂದ ‘ಗಿಫ್ಟ್ ಏಡ್’ ಎಂಬ ಏರ್ಪಾಡಿದೆ. ತೆರಿಗೆ ಸಲ್ಲಿಸುವ ದಾನಿಯು ಒಂದು ಘೋಷಣೆಯನ್ನು ಮಾಡಿದರೆ, ಅವನು ಕೊಟ್ಟ ಪ್ರತಿ ಪೌಂಡಿಗೂ ಸರಕಾರವು 25 ಪೆನ್ಸ್ ಸೇರಿಸಿ ಸಂಸ್ಥೆಗೆ ಕೊಡುತ್ತದೆ. ಅಮೇರಿಕದಲ್ಲಿ ಹಾಗಲ್ಲ, ಅಲ್ಲಿ ತೆರಿಗೆಯ ಲಾಭವು ದಾನಿಗೇ ದೊರೆಯುತ್ತದೆ. ಆದಕಾರಣ ಒಂದು ಬಿನ್ನಹವು ಘೋಷಣೆಯನ್ನು ಬೇಡಬೇಕು, ಮತ್ತೊಂದು ರಸೀತಿಯ ಭರವಸೆಯನ್ನು ಕೊಡಬೇಕು. ಆದರೆ ಅಮೇರಿಕದವನು ಇಲ್ಲಿಯ ಸಂಸ್ಥೆಗೆ ನೇರವಾಗಿ ಕಳುಹಿಸಿದ ಹಣಕ್ಕೆ ಸಾಮಾನ್ಯವಾಗಿ ಅಲ್ಲಿಯ ವಿನಾಯಿತಿ ದೊರೆಯದು. ಇದನ್ನು ಮುಚ್ಚಿಟ್ಟು ಬೇಡುವುದು ಸರಿಯಲ್ಲ.

ನಮ್ಮ ದೇಶದ ಕಟ್ಟಳೆಯು ಇನ್ನೂ ಬಿಗಿಯಾದುದು. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯಂತೆ, ಭಾರತದ ಪೌರನು ಪರದೇಶದಲ್ಲಿದ್ದು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ್ದು ವಿದೇಶಿ ದೇಣಿಗೆಯೆನಿಸದು. ಅಲ್ಲಿಯ ಪೌರತ್ವವನ್ನು ಪಡೆದವನು ರಕ್ತದಿಂದ ನಮ್ಮವನೇ ಆಗಿದ್ದರೂ, ಅವನು ಕೊಟ್ಟದ್ದು ವಿದೇಶಿ ದೇಣಿಗೆಯೇ. ಅಂಥ ಹಣವನ್ನು ಸ್ವೀಕರಿಸಲು ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇರಬೇಕು. 2020ರ ತಿದ್ದುಪಡಿಯಂತೆ ಅದು ಹೊಸದಿಲ್ಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ನಿಯತ ಖಾತೆಗೇ ಬರಬೇಕು. ಒಂದೇ ಮನೆಯಲ್ಲಿ ತಂದೆಯ ಕಾಣಿಕೆಗೆ ಒಂದು ದಾರಿ, ಮಗನ ಕಾಣಿಕೆಗೆ ಮತ್ತೊಂದು! ಆದುದರಿಂದ ಬಿನ್ನಹದಲ್ಲಿ ಭಕ್ತಿಯ ಮಾತಿಗಿಂತ ಮೊದಲು ಪೌರತ್ವದ ಪ್ರಶ್ನೆಯನ್ನಿಡಬೇಕಾಗುತ್ತದೆ. ಕೇಳಲು ಒರಟಾದರೂ ಕೇಳದೆ ನಿರ್ವಾಹವಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಮಾರ್ಪಡಿಸಬೇಕಾದ ಸಂಗತಿಗಳು. ಮಾರ್ಪಡಿಸಲಾಗದ ಒಂದಿದೆ, ಅದು ಬೇಡುವವರ ನಿಜಸ್ಥಿತಿ. 1984ರಲ್ಲಿ ಇಥಿಯೋಪಿಯಾದ ಬರಗಾಲದ ಚಿತ್ರಗಳು ದೂರದರ್ಶನದಲ್ಲಿ ಬಂದಾಗ ಲೋಕವೆಲ್ಲ ಕರಗಿ, 1985ರಲ್ಲಿ ಲಂಡನ್ ಮತ್ತು ಫಿಲಡೆಲ್ಫಿಯಾಗಳಲ್ಲಿ ಮಹಾಸಂಗೀತಸಭೆಗಳನ್ನು ನಡೆಯಿಸಿ ಅಪಾರ ಧನವನ್ನು ಕೂಡಿಸಿತು. ಪ್ರಾಣಗಳು ಉಳಿದವು, ಅದು ನಿಜ. ಆದರೆ ಆಫ್ರಿಕವೆಂದರೆ ಹಸಿದ ಕೂಸೆಂಬ ಚಿತ್ರವೂ ಬಹುಕಾಲ ಜನರ ಮನದಲ್ಲಿ ಉಳಿಯಿತು. 2012ರಲ್ಲಿ ನಾರ್ವೆಯ ವಿದ್ಯಾರ್ಥಿಗಳ ಸಂಸ್ಥೆಯೊಂದು ಇದನ್ನೇ ಹಾಸ್ಯಮಾಡಿ, ಚಳಿಯಿಂದ ನಡುಗುವ ನಾರ್ವೆಯವರಿಗಾಗಿ ಆಫ್ರಿಕದವರು ಮನೆ ಬೆಚ್ಚಗಿಡುವ ಯಂತ್ರಗಳನ್ನು ದಾನವೆತ್ತುವಂತೆ ಒಂದು ಚಿತ್ರವನ್ನು ಮಾಡಿತು. ನಕ್ಕವರೆಲ್ಲ ನಾಚಿದರೋ ಇಲ್ಲವೋ, ಮಾತು ಮಾತ್ರ ನಾಟುವಂಥದು.

ಜೋಳಿಗೆಯ ಕಾಲದಲ್ಲಿ ಒಂದು ಬಾಗಿಲಲ್ಲಿ ಆಡಿದ ಮಾತು ಮತ್ತೊಂದು ಬಾಗಿಲಿಗೆ ಕೇಳಿಸುತ್ತಿರಲಿಲ್ಲ. ಅಂತರ್ಜಾಲದಲ್ಲಿ ಹಾಗಲ್ಲ, ಲಂಡನ್ನಿನವರಿಗೆಂದು ಬರೆದದ್ದನ್ನು ನಮ್ಮ ವಸತಿನಿಲಯದ ಹುಡುಗನೇ ಓದುತ್ತಾನೆ. ಅಲ್ಲಿ 50 ಪೌಂಡು, ಇಲ್ಲಿ 501 ರೂಪಾಯಿ ಕೇಳಿದರೆ ಯಾರೂ ಆಕ್ಷೇಪಿಸರು. ಶಕ್ತ್ಯಾನುಸಾರ ಬೇಡುವುದು ನ್ಯಾಯ. ಆದರೆ ಇಲ್ಲಿಯವರಿಗೆ ‘ನಮ್ಮ ವಿದ್ಯಾರ್ಥಿಗಳು ಮುಂದೆ ಬರುತ್ತಿದ್ದಾರೆ’ ಎಂದೂ, ಅಲ್ಲಿಯವರಿಗೆ ‘ಅನ್ನವಿಲ್ಲದೆ ಅಳುತ್ತಿದ್ದಾರೆ’ ಎಂದೂ ಬರೆದರೆ, ಎರಡು ಪುಟಗಳನ್ನೂ ಪಕ್ಕದಲ್ಲಿಟ್ಟು ನೋಡುವವನೊಬ್ಬನು ಇದ್ದೇ ಇರುತ್ತಾನೆ. ಅನಾಥ ಬಾಲಕನ ಕಣ್ಣೀರಿನ ಭಾವಚಿತ್ರವನ್ನು ಅಚ್ಚುಹಾಕಿಸುವುದಕ್ಕೆ ನನ್ನ ಮನಸ್ಸು ಒಪ್ಪದು. ಆ ಬಾಲಕನು ನಾಳೆ ವೈದ್ಯನೋ ಉಪಾಧ್ಯಾಯನೋ ಆಗುವನು. ಚಿತ್ರವು ಅವನೊಡನೆ ಬೆಳೆಯದೆ ಹಾಗೆಯೇ ನಿಂತಿರುವುದು.

ಶ್ರೀಮಠದಿಂದ ಇಂಥ ಬಿನ್ನಹಗಳು ಹೊರಡುವುದಾದರೆ, ಪ್ರತಿಯೊಂದು ದೇಶಕ್ಕೆ ಕಳುಹಿಸುವ ಕರಡನ್ನು ಮೊದಲು ಅಲ್ಲಿಯೇ ನೆಲೆಸಿರುವ ಭಕ್ತರೊಬ್ಬರಿಂದ ಓದಿಸಬೇಕು. ಅನಂತರ ಅದನ್ನೇ ಕನ್ನಡದಲ್ಲಿ ವಸತಿನಿಲಯದ ದೊಡ್ಡ ಹುಡುಗರ ಮುಂದೆ ಓದಿಸಬೇಕು ಎಂದು ವ್ಯವಸ್ಥಾಪಕ ಮಂಡಳಿಯವರಲ್ಲಿ ವಿಜ್ಞಾಪಿಸಿ, ನನ್ನ ಮಾತನ್ನು ಮುಗಿಸುತ್ತೇನೆ.