ಸೊಂಟನೋವಿಗೆ ಸಣ್ಣ ಗಾಯದ ಆಪರೇಷನ್

ಗಳಗನಾಥದ ಅಕ್ಕಂದಿರೇ,

ಕಳೆ ತೆಗೆಯೋರು, ಮೆಣಸಿನಕಾಯಿ ತೊಟ್ಟು ಬಿಡಿಸೋರು ನಾವು. ಸೊಂಟನೋವು ಹೊಸದಲ್ಲ. "ಸಣ್ಣ ತೂತಿನ ಆಪರೇಷನ್ ಮಾಡಿಸ್ರಿ" ಅಂದ ಕೂಡಲೇ ಸಂಘದ ಸಾಲ ತೆಗೀಬೇಡಿ. ಹೆದರಿ ನೋವು ಮುಚ್ಚಿಡಲೂ ಬೇಡಿ.

ಇದರಲ್ಲಿ ಸುಮಾರು 2 ಸೆಂಟಿಮೀಟರ್ ಗಾಯ ಮಾಡಿ, ಸ್ನಾಯು ಹೆಚ್ಚು ಕೊಯ್ಯದೆ, ಕೊಳವೆಯೊಳಗಿಂದ ನರ ಒತ್ತುವ ಡಿಸ್ಕ್ ಚೂರನ್ನು ತೆಗೆಯುತ್ತಾರೆ. ಬೇಗ ಎದ್ದು ಓಡಾಡಬಹುದು. ಆದರೆ ಇದು ನರ ಒತ್ತಿ ಕಾಲಿಗೆ ಇಳಿಯುವ ನೋವಿಗೆ, ಬರೀ ಸೊಂಟನೋವಿಗಲ್ಲ. ಅದೂ ಬಹಳ ಮಂದಿಗೆ 6ರಿಂದ 12 ವಾರದಲ್ಲಿ ಔಷಧಿ, ವ್ಯಾಯಾಮದಿಂದಲೇ ಕಡಿಮೆಯಾಗುತ್ತದೆ.

ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಮಾತ್ರ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಹಾವೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಈ ಆಪರೇಷನ್ ಅದರಲ್ಲಿ ಬರುತ್ತದೆಯೇ ಕೇಳಿ. ಕೇಳೋದಕ್ಕೆ ನಾಚಿಕೆ ಬೇಡ.