ದೂರು ಕೊಡೋಕೆ ಹೋಗಿ ನಾನೇ ಮಾಡಿದ ತಪ್ಪು

ನಾನು ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ನಮ್ಮಲ್ಲಿ ತುಂಬಾ ಜನ ಇಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಬಿಲ್ಲಿಂಗ್, ಲ್ಯಾಬ್ ಸಿಸ್ಟಮ್ ನೋಡ್ಕೊಳ್ತೀವಿ. ಹಾಗಾಗಿ ಈ ಮಾತು ನಮಗೇ ಸಂಬಂಧಪಟ್ಟಿದ್ದು.

ಕೆಲವು ವರ್ಷದ ಹಿಂದೆ, ಒಂದು ನೈಟ್ ಶಿಫ್ಟ್. ಲ್ಯಾಬ್ ರಿಪೋರ್ಟ್ ಓಪನ್ ಆಗ್ತಿಲ್ಲ ಅಂತ ನನ್ನ ರೂಮ್‌ಮೇಟ್, ನಮ್ಮ ಹಾವೇರಿ ಕಡೆಯವನೇ, ಟೀಮಿನ ವಾಟ್ಸಾಪ್ ಗ್ರೂಪಿಗೆ ಸ್ಕ್ರೀನ್‌ಶಾಟ್ ಹಾಕಿದ. ಅದರಲ್ಲಿ ರೋಗಿಯ ಹೆಸರು, ಹುಟ್ಟಿದ ದಿನಾಂಕ, ಕ್ಯಾನ್ಸರ್ ಟೆಸ್ಟ್ ಅನ್ನೋದು, ಎಲ್ಲ ಕಾಣ್ತಿತ್ತು. ಆ ಗ್ರೂಪಿನಲ್ಲಿ ಕಂಪನಿ ಬಿಟ್ಟು ಹೋದವರೂ ಇದ್ದರು. ಇದು ಸರಿಯಲ್ಲ ಅನಿಸ್ತು. ಸಾಕ್ಷಿ ಇರಲಿ ಅಂತ ಚಿತ್ರ ಸೇವ್ ಮಾಡಿಕೊಂಡು ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡಿದೆ.

ಮರುದಿನ ಪ್ರೈವೆಸಿ ಆಫೀಸರ್ ಮೇಡಂ ಮೊದಲು ಕೇಳಿದ್ದು, "ಆ ಚಿತ್ರ ಈಗ ಎಷ್ಟು ಫೋನ್‌ಗಳಲ್ಲಿದೆ?" ನನ್ನದನ್ನೂ ಸೇರಿಸಿ ಎಣಿಸಬೇಕಾಯ್ತು. ದೂರಿನ ಹೆಸರಲ್ಲಿ ನಾನೂ ಅದನ್ನೇ ಹರಡಿದ್ದೆ.

ದೂರು ಕೊಡುವಾಗ ರೋಗಿಯ ಮಾಹಿತಿ ಬೇಕಾಗಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಯಾವ ಗ್ರೂಪಿನಲ್ಲಿ, ಯಾವ ಥರದ ಮಾಹಿತಿ, ಟಿಕೆಟ್ ನಂಬರ್ ಏನು, ಇಷ್ಟನ್ನು ಆಫೀಸ್ ಮೇಲ್‌ನಲ್ಲೇ ಬರೆಯಿರಿ. ಖಚಿತ ಮಾಡಿಕೊಳ್ಳೋಣ ಅಂತ ರೋಗಿಯ ರೆಕಾರ್ಡ್ ತೆರೆದು ನೋಡಬೇಡಿ. ನಿಮ್ಮ ಫೋನಿಗೆ ಬಂದಿದ್ದನ್ನು ಏನು ಮಾಡಬೇಕು ಅಂತ ಅವರನ್ನೇ ಕೇಳಿ. ನಿಮಗೆ ಅನುಮಾನ ಬಂದರೆ ಸಾಕು, ತನಿಖೆ ಅವರ ಕೆಲಸ.

"ನೋಡೋಣ ಬಿಡು" ಅಂತ ಸುಮ್ಮನಿರೋದೂ ಆಗಲ್ಲ. ಅಮೆರಿಕದ ಹಿಪಾ ನಿಯಮದಲ್ಲಿ, ಮಾಹಿತಿ ಸೋರಿಕೆಯಾದರೆ ವಿನಾಕಾರಣ ತಡಮಾಡದೆ, ಹೆಚ್ಚೆಂದರೆ 60 ದಿನದೊಳಗೆ ತಿಳಿಸಬೇಕು. ತಪ್ಪು ಮಾಡಿದವರನ್ನು ಬಿಟ್ಟು ಬೇರೆ ಯಾವ ಉದ್ಯೋಗಿಗೆ ಗೊತ್ತಾದರೂ ಆ ದಿನದಿಂದಲೇ ಲೆಕ್ಕ ಶುರು. ಮ್ಯಾನೇಜರ್‌ಗೆ ಗೊತ್ತಾದ ದಿನದಿಂದ ಅಲ್ಲ. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳೋದನ್ನೂ ಅದೇ ನಿಯಮ ತಡೆಯುತ್ತೆ.

ರೂಮ್‌ಮೇಟ್ ಎರಡು ವಾರ ಮಾತಾಡಲಿಲ್ಲ. "ನಂಗೇ ಹೇಳಬಹುದಿತ್ತಲ್ಲೋ" ಅಂದ. ಹೇಳಿದ್ದರೆ ಅವನು ಡಿಲೀಟ್ ಮಾಡ್ತಿದ್ದ, ನಮ್ಮಿಬ್ಬರ ನಡುವೆ ಮುಗೀತಿತ್ತು. ಆದರೆ ಮನೆಯವರಿಗೂ ಇನ್ನೂ ಹೇಳಿರದ ಒಂದು ವಿಷಯ ನಮ್ಮೆಲ್ಲರ ಫೋನ್‌ನಲ್ಲಿ ಓಡಾಡಿದೆ ಅಂತ ಆ ರೋಗಿಗೆ ಯಾರು ಹೇಳೋರು?

ನಾಳೆ ಆಫೀಸಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮ ಪ್ರಾಜೆಕ್ಟಿನ ಪ್ರೈವೆಸಿ ಆಫೀಸರ್ ಯಾರು, ಅವರ ಮೇಲ್ ಐಡಿ ಏನು ಅಂತ ತಿಳ್ಕೊಂಡು ಇಟ್ಕೊಳ್ಳಿ.