ಖರಾಬು ಜಮೀನಿನ ಒಡೆಯರು ಯಾರು?

(ಕೆಂಗೇರಿಯಲ್ಲಿ ಕೂಡಿದ್ದ ಪಶ್ಚಿಮ ಬೆಂಗಳೂರಿನ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ, ಈ ನಾಲ್ಕು ಕಡೆಯಿಂದಲೂ ಜನ ಬಂದಿದ್ದೀರಿ. ಕಾಡು ಮತ್ತು ಕೆರೆಗಳ ಆಡಳಿತದಲ್ಲಿ ಪ್ರಜೆಗಳ ಪಾತ್ರ ಎಂದು ಕರಪತ್ರದಲ್ಲಿ ವಿಷಯ ಅಚ್ಚಾಗಿದೆ. ಆದರೆ ನಾನು ಕಾಡಿನಿಂದಲೂ ಶುರು ಮಾಡುವುದಿಲ್ಲ, ಕೆರೆಯಿಂದಲೂ ಶುರು ಮಾಡುವುದಿಲ್ಲ. ಕಂದಾಯ ಇಲಾಖೆಯ ಪುಸ್ತಕದಿಂದ ಶುರು ಮಾಡುತ್ತೇನೆ.

ಆ ಪುಸ್ತಕದಲ್ಲಿ "ಖರಾಬು" ಎಂಬ ಒಂದು ಶಬ್ದವಿದೆ. ಪಹಣಿ ನೋಡಿದ ರೈತರಿಗೆಲ್ಲ ಇದು ಗೊತ್ತು. 1966ರ ಭೂಕಂದಾಯ ನಿಯಮಗಳು ಖರಾಬನ್ನು ಎರಡಾಗಿ ಮಾಡಿವೆ. ಬೇಸಾಯಕ್ಕೆ ಒದಗದ ನೆಲ 'ಎ' ಖರಾಬು. ದಾರಿ, ಸ್ಮಶಾನ, ಊರವರು ಬಳಸುವ ಕೆರೆ, ಹಳ್ಳ, ಹೀಗೆ ಸಾರ್ವಜನಿಕರಿಗಾಗಿ ಬಿಟ್ಟ ನೆಲ 'ಬಿ' ಖರಾಬು. ಖರಾಬು ಎಂದರೆ ಕೆಟ್ಟದ್ದು. ಸರಕಾರಕ್ಕೆ ಕಂದಾಯ ತರದ ನೆಲವೆಲ್ಲ ಕೆಟ್ಟ ನೆಲ! ಊರಿಗೆ ಕುಡಿಯಲು ನೀರು ಕೊಡುತ್ತಿದ್ದ ಕೆರೆಯೂ ಖರಾಬು, ಆ ಕೆರೆಗೆ ನೀರು ಇಳಿಸುತ್ತಿದ್ದ ಕಲ್ಲುಗುಡ್ಡವೂ ಖರಾಬು. ಹೆಸರಿಟ್ಟವರ ಮನಸ್ಸು ಹೆಸರಿನಲ್ಲೇ ಕಾಣುತ್ತದೆ. ಕೆಟ್ಟದ್ದೆಂದು ಒಮ್ಮೆ ಬರೆದಿಟ್ಟ ಮೇಲೆ ಅದನ್ನು ಇನ್ನೊಬ್ಬನಿಗೆ ಕೊಡುವುದಕ್ಕೆ ಯಾರ ಮನಸ್ಸೂ ಹಿಂಜರಿಯುವುದಿಲ್ಲ.

ನಮ್ಮ ಭಾಗದ ಲೆಕ್ಕವನ್ನೇ ತೆಗೆಯೋಣ. ಬಸ್ಸಿನ ಬೋರ್ಡಿನ ಮೇಲೆ ಇಂದಿಗೂ ಓದುತ್ತೀರಿ: ಶಿವನಹಳ್ಳಿ, ಸಾಣೆಗುರುವನಹಳ್ಳಿ, ಕೇತಮಾರನಹಳ್ಳಿ, ಕುರುಬರಹಳ್ಳಿ, ಕಾಮಾಕ್ಷಿಪಾಳ್ಯ. ಇವೆಲ್ಲ ಹಳ್ಳಿಗಳು. ಹಳ್ಳಿ ಎಂದ ಮೇಲೆ ಕೆರೆ. ಶಿವನಹಳ್ಳಿಯ ಕೆರೆ ಆಟದ ಮೈದಾನವಾಯಿತು, ಬಸ್ ನಿಲ್ದಾಣವಾಯಿತು. ಕಾಮಾಕ್ಷಿಪಾಳ್ಯದ ಕೆರೆ ಕ್ರೀಡಾಂಗಣವಾಯಿತು. ಕೇತಮಾರನಹಳ್ಳಿ, ಕುರುಬರಹಳ್ಳಿಗಳ ಕೆರೆಗಳ ಮೇಲೆ ಮನೆಗಳೆದ್ದವು. ಅಗಸನ ಕೆರೆ ಗಾಯತ್ರಿದೇವಿ ಉದ್ಯಾನವಾಯಿತು. ಸಾಣೆಗುರುವನಹಳ್ಳಿಯ ಕೆರೆಯ ಅಂಗಳದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಕಟ್ಟಡಗಳೇ ನಿಂತಿವೆ. ನಾನು ತಮಾಷೆಗೆ ಹೇಳುತ್ತಿಲ್ಲ, ಹೋಗಿ ನೋಡಬಹುದು.

ಇದನ್ನೆಲ್ಲ ಕಳ್ಳರು ಮಾಡಿದರೆ? ಅಲ್ಲ. ಬಹುಪಾಲು ಮಾಡಿದ್ದು ಸರಕಾರದ ಮಂಡಳಿಗಳು. 1945ರಲ್ಲಿ ಹುಟ್ಟಿದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, 1976ರಲ್ಲಿ ಅದರ ಜಾಗಕ್ಕೆ ಬಂದ ಅಭಿವೃದ್ಧಿ ಪ್ರಾಧಿಕಾರ, ಇವು ನಕಾಶೆ ಬರೆದು, ಮೊಹರು ಹಾಕಿ, ನಿವೇಶನ ಹಂಚಿದವು. ಅದರಲ್ಲಿ ನನ್ನ ಮನೆತನಕ್ಕೂ ಪಾಲು ಬಂದಿದೆ. ಕಾರ್ಖಾನೆಯ ಕೆಲಸಗಾರನ ಮಗ ನಾನು. ತಗ್ಗಿನಲ್ಲಿದ್ದ ನಮ್ಮ ಬೀದಿಗೆ ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಂತಾಗ ನಮ್ಮ ತಾಯಿ, "ನೀರಿಗೆ ತನ್ನ ಮನೆ ನೆನಪಾಗಿದೆ" ಅನ್ನುತ್ತಿದ್ದರು. ಆದ್ದರಿಂದ ಕೆರೆ ನುಂಗಿದವರನ್ನು ಬೈಯುವಾಗ ನಾವು ಹೊರಗೆ ನಿಂತು ಬೈಯುವ ಹಾಗಿಲ್ಲ.

ಕೆರೆ ಬೇಡವಾದದ್ದು ಯಾವಾಗ? ಕೊಳಾಯಿ ಬಂದಾಗ. 1896ರಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು, 1974ರಲ್ಲಿ ಕಾವೇರಿ. ದೂರದ ನೀರು ಹತ್ತಿರವಾದಂತೆಲ್ಲ ಹತ್ತಿರದ ನೀರು ಖರಾಬಾಯಿತು. ಹೂಳೆತ್ತುವವರಿಲ್ಲ, ತೂಬು ನೋಡುವ ನೀರುಗಂಟಿ ಇಲ್ಲ. 2024ರ ಬೇಸಗೆಯಲ್ಲಿ ಏನಾಯಿತೆಂಬುದನ್ನು ನೀವೆಲ್ಲ ಅನುಭವಿಸಿದ್ದೀರಿ. ನಗರದ ಸುಮಾರು 14 ಸಾವಿರ ಸರಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿಹೋಗಿವೆ ಎಂದು ಸರಕಾರವೇ ಒಪ್ಪಿಕೊಂಡಿತು. ಟ್ಯಾಂಕರಿನ ಮುಂದೆ ಬಿಂದಿಗೆ ಹಿಡಿದು ನಿಂತವರು ಯಾರು? ನೀರನ್ನು ದುಡ್ಡು ಕೊಟ್ಟು ತರಿಸಬಲ್ಲವರು ನಿಲ್ಲಲಿಲ್ಲ.

ಇನ್ನು ಗುಡ್ಡದ ಮಾತು. ಬೆಂಗಳೂರು ಕಲ್ಲಿನ ಊರು. ವಿಧಾನಸೌಧಕ್ಕೆ ಮಲ್ಲಸಂದ್ರ, ಹೆಸರಘಟ್ಟದ ಕಡೆಯ ಕಲ್ಲು ಬಂತು. ಅದನ್ನು ಕಟ್ಟುವುದಕ್ಕೆ ಸೆರೆಮನೆಯ ಕೈದಿಗಳು ದುಡಿದರು. ಆ ಕಾಲದಲ್ಲಿ ಕಲ್ಲೊಡೆಯುವವನು ಉಳಿ, ಸುತ್ತಿಗೆ ಹಿಡಿದ ಭೋವಿ. ಒಂದು ಬಂಡೆ ಒಂದು ತಲೆಮಾರಿಗೆ ಅನ್ನ ಕೊಡುತ್ತಿತ್ತು. ಆಮೇಲೆ ಕ್ರಷರ್ ಬಂತು, ಸಿಡಿಮದ್ದು ಬಂತು, ಗುತ್ತಿಗೆದಾರ ಬಂದ. ಭೋವಿ ಕೂಲಿಯಾದ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ, ಎರಡು ತಿಂಗಳಲ್ಲಿ ಎರಡು ಕಡೆ ಕಲ್ಲುಗಣಿಯ ಸ್ಫೋಟಕಗಳು ಸಿಡಿದು ಜನ ಸತ್ತರು. ಗುಡ್ಡ ಹೋದ ಜಾಗದಲ್ಲಿ ಗುಂಡಿ ಉಳಿಯುತ್ತದೆ. ನಗರದ ಉತ್ತರಕ್ಕೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳಲ್ಲಿ ಅಂಥ ಗುಂಡಿಗಳಿಗೆ ನಮ್ಮ ನಿಮ್ಮ ಮನೆಯ ಕಸ ಹೋಗಿ ತುಂಬಿತು.

ಈಗ ಕೆಲವರು ಒಂದು ಜಾಣತನದ ಮಾತು ಹೇಳುತ್ತಾರೆ. "ಕೆರೆ ಹೋದರೆ ಹೋಗಲಿ, ಕಲ್ಲುಗಣಿಯ ಗುಂಡಿಗಳಿವೆಯಲ್ಲ, ಅವಕ್ಕೆ ನೀರು ತುಂಬಿಸಿ ಕೆರೆ ಮಾಡೋಣ. ಇಲ್ಲಿದ್ದ ಕೆರೆಯನ್ನು ಅಲ್ಲಿಗೆ ಸ್ಥಳಾಂತರಿಸಿದಂತಾಯಿತು." ಗುಮಾಸ್ತೆಯನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ವರ್ಗ ಮಾಡಿದ ಹಾಗೆ ಕೆರೆಯನ್ನೂ ವರ್ಗ ಮಾಡಬಹುದೆಂದು ಇವರ ಎಣಿಕೆ.

ಕೆರೆ ಎಂದರೆ ನೀರು ತುಂಬಿದ ಹಳ್ಳವಲ್ಲ. ಮೇಲೆ ಜಲಾನಯನದ ನೆಲ ಬೇಕು, ಅಲ್ಲಿಂದ ಕಾಲುವೆ ಇಳಿಯಬೇಕು, ತಗ್ಗಿಗೆ ಅಡ್ಡವಾಗಿ ಏರಿ ಇರಬೇಕು. ಗದ್ದೆಗೆ ಬಿಡಲು ತೂಬು, ಹೆಚ್ಚಾದದ್ದು ಹರಿದುಹೋಗಲು ಕೋಡಿ. ಈ ಕೆರೆಯ ಕೋಡಿಯ ನೀರು ರಾಜಕಾಲುವೆಯಲ್ಲಿ ಹರಿದು ಮುಂದಿನ ಕೆರೆಗೆ ಸೇರುತ್ತದೆ. ಒಂದು ಕೊಂಡಿ ಕಳಚಿದರೆ ಸರಪಣಿಯೇ ಕಳಚಿತು. ಗಣಿಯ ಗುಂಡಿ ಇರುವುದು ಹಿಂದೆ ಗುಡ್ಡವಿದ್ದ ಎತ್ತರದಲ್ಲಿ. ಅದಕ್ಕೆ ಬರುವ ಕಾಲುವೆಯೂ ಇಲ್ಲ, ಹೊರಡುವ ಕೋಡಿಯೂ ಇಲ್ಲ. ಗೋಡೆ ಕಡಿದು ನಿಲ್ಲಿಸಿದಂತಿರುತ್ತದೆ. ದನ ಇಳಿಯಲಾರದು, ಹೆಂಗಸರು ಬಟ್ಟೆ ಒಗೆಯಲಾರರು, ಹುಡುಗರು ಇಳಿದರೆ ಹತ್ತಿ ಬರಲಾರರು. ಬೇಲಿ ಹಾಕಿ, ನೀರು ತುಂಬಿಸಿ, ಆ ಗುಂಡಿಯನ್ನು ಉಪಯೋಗಿಸಿಕೊಳ್ಳುವುದಕ್ಕೆ ನನ್ನ ಅಡ್ಡಿಯಿಲ್ಲ. ಅದು ಕಳೆದ ಕೆರೆಯ ಲೆಕ್ಕಕ್ಕೆ ಜಮೆಯಾಗಕೂಡದು, ಅಷ್ಟೆ.

ಕೆರೆಯ ವಿಷಯದಲ್ಲಿ ಇದು ಇನ್ನೂ ಬಾಯಿಮಾತು. ಕಾಡಿನ ವಿಷಯದಲ್ಲಿ ಇಂಥ ಲೆಕ್ಕ ಕಾನೂನೇ ಆಗಿದೆ. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ಪ್ರಕಾರ ಗಣಿಗೆ ಕಾಡು ಕೊಟ್ಟರೆ ಬದಲಿಗೆ ಇನ್ನೆಲ್ಲಿಯೋ ಗಿಡ ನೆಡಬೇಕು. ಸಂಡೂರಿನ ದೇವದಾರಿ ಗುಡ್ಡದಲ್ಲಿ ಕುದುರೆಮುಖ ಕಂಪನಿಗೆ ಕೊಡಲು ಹೊರಟ ಕಾಡು ಸುಮಾರು 400 ಹೆಕ್ಟೇರು, ಮರಗಳ ಎಣಿಕೆ 99,330. 2024ರಲ್ಲಿ ಕೇಂದ್ರದ ಮಂತ್ರಿಗಳು ಕಡತಕ್ಕೆ ಸಹಿ ಹಾಕಿದಾಗ ನಾಡಿನಲ್ಲಿ ಕೂಗೆದ್ದಿತು. ಭೂಮಿ ಹಸ್ತಾಂತರಿಸಬೇಡಿ ಎಂದು ರಾಜ್ಯದ ಅರಣ್ಯ ಮಂತ್ರಿಗಳು ಆಜ್ಞೆ ಮಾಡಿದರು. ಒಂದು ಲಕ್ಷ ಮರಕ್ಕೆ ಒಂದು ಲಕ್ಷ ಸಸಿ ಎಂದು ಬರೆದರೆ ಕಾಗದದ ಮೇಲೆ ಕೂಡುತ್ತದೆ. ಆದರೆ ಆ ಗುಡ್ಡದಿಂದ ಇಳಿಯುತ್ತಿದ್ದ ಹಳ್ಳ ಆ ಸಸಿಗಳನ್ನು ಹುಡುಕಿಕೊಂಡು ಹೋಗುವುದಿಲ್ಲ.

ಸಂಡೂರು ದೂರವೆನ್ನಬೇಡಿ. ನಿಮ್ಮ ಬಾಗಿಲಲ್ಲೇ ತುರಹಳ್ಳಿಯಿದೆ. ಇಲ್ಲಿಂದ ಉತ್ತರಹಳ್ಳಿಯ ಕಡೆ ಹೋಗುವಾಗ ಸಿಗುವ, ಸುಮಾರು 600 ಎಕರೆಯ ಕುರುಚಲು ಕಾಡು, ಬಂಡೆಗಳ ಗುಡ್ಡ. ಅಲ್ಲಿ ವೃಕ್ಷೋದ್ಯಾನ ಮಾಡುತ್ತೇವೆಂದು ಅರಣ್ಯ ಇಲಾಖೆ ಹೊರಟಿತು. ಕಾಡಿನೊಳಗೆ ಉದ್ಯಾನವೇತಕ್ಕೆ? ಕಾಲುದಾರಿ, ಕಟ್ಟಡ, ಗೇಟು, ಗೇಟಿಗೆ ಟಿಕೆಟ್ಟು. 2021ರ ಫೆಬ್ರುವರಿಯಲ್ಲಿ ಸುತ್ತಲಿನ ಜನ ನೂರಾರು ಮಂದಿ ಅಲ್ಲಿಗೇ ಹೋಗಿ ನಿಂತರು. ಆಗಿನ ಅರಣ್ಯ ಮಂತ್ರಿಗಳು ಸ್ಥಳಕ್ಕೆ ಬಂದರು, ಯೋಜನೆ ನಿಂತಿತು. ಅಲ್ಲಿ ನಿಂತವರನ್ನು ನಾನು ಮನಸಾರೆ ಅಭಿನಂದಿಸುತ್ತೇನೆ.

ಅಭಿನಂದಿಸಿದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. ಬೆಳಿಗ್ಗೆ ನಡೆದಾಡುವವರು, ಸೈಕಲ್ ಹೊಡೆಯುವವರು, ಬಂಡೆ ಹತ್ತುವವರು, ಇವರ ದನಿ ಪತ್ರಿಕೆಗಳಲ್ಲಿ ಬಂತು. ಅದೇ ಕಾಡಿಗೆ ಕುರಿ ಹೊಡೆದುಕೊಂಡು ಹೋಗುವವನ ಅಭಿಪ್ರಾಯವೇನು, ಸೌದೆಗೆ ಹೋಗುವ ಮುದುಕಿಯ ಅಭಿಪ್ರಾಯವೇನು, ಕೇಳಿದವರು ಕಡಿಮೆ. ಸಮುದಾಯ ಎಂದರೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲವರ ಸಮುದಾಯ ಮಾತ್ರವೆ? ಒತ್ತುವರಿ ತೆರವಿಗೆ ಬುಲ್ಡೋಜರ್ ಬಂದಾಗಲೂ ಇದೇ ಕಥೆ. ಮೊದಲು ಬೀಳುವುದು ರಾಜಕಾಲುವೆಯ ಪಕ್ಕದ ಶೀಟಿನ ಮನೆ. ದೊಡ್ಡ ಬಡಾವಣೆಗೆ ಕೋರ್ಟಿನ ತಡೆಯಾಜ್ಞೆ ಸಿಗುತ್ತದೆ, ಆಮೇಲೆ ಸಕ್ರಮವಾಗುತ್ತದೆ.

ಹಾನಗಲ್ ತಾಲ್ಲೂಕಿನ ಕುಸನೂರನ್ನು ನೆನೆಯಿರಿ. ಊರವರ ಗೋಮಾಳ, ಸೊಪ್ಪಿನ ನೆಲಗಳನ್ನು ನೀಲಗಿರಿ ಬೆಳೆಯುವುದಕ್ಕೆ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿಗೆ ಸರಕಾರ ಬರೆದುಕೊಟ್ಟಿತ್ತು. 1987ರ ನವೆಂಬರ್ 14ರಂದು ರೈತರು, ರೈತ ಹೆಂಗಸರು ಅಲ್ಲಿಗೆ ಹೋಗಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. "ಕಿತ್ತಿಕೋ ಹಚ್ಚಿಕೋ" ಎಂದೇ ಆ ಸತ್ಯಾಗ್ರಹದ ಹೆಸರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1991ರಲ್ಲಿ ಕಂಪನಿ ಬಾಗಿಲು ಹಾಕಿತು. ಅಲ್ಲಿಯ ಜನ ಕಾಡನ್ನು ನೋಡುವುದಕ್ಕೆ ಉಳಿಸಲಿಲ್ಲ. ಅದು ತಮ್ಮ ಒಲೆಗೆ, ತಮ್ಮ ಕೊಟ್ಟಿಗೆಗೆ ಬೇಕೆಂದು ಉಳಿಸಿದರು. ನಮ್ಮ ಚಳವಳಿಗೂ ಅವರದಕ್ಕೂ ಇರುವ ಅಂತರ ಇದೇ.

ಬೆಂಗಳೂರಿನಲ್ಲೂ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟದ್ದುಂಟು. 2008ರಲ್ಲಿ ಅದು ಹೈಕೋರ್ಟಿಗೆ ಹೋಯಿತು, ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಸಮಿತಿ ಕೂತಿತು, ಕೆರೆಗಳನ್ನು ಕಾಯಬೇಕೆಂದು 2012ರಲ್ಲಿ ಆದೇಶ ಬಂತು. 2014ರಲ್ಲಿ ಕೆರೆ ಪ್ರಾಧಿಕಾರದ ಕಾಯಿದೆಯಾಯಿತು. 2025ರಲ್ಲಿ ಕೆರೆಯ ಸುತ್ತ ಖಾಲಿ ಬಿಡಬೇಕಾದ ಜಾಗವನ್ನು ಕಡಿಮೆ ಮಾಡುವ ತಿದ್ದುಪಡಿ ವಿಧಾನಮಂಡಲದ ಮುಂದೆ ಬಂತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಅಳೆಯುತ್ತಾ ಕೂತಿದೆ.

ಇದನ್ನೆಲ್ಲ ಪ್ರಶ್ನಿಸುವುದಕ್ಕೆ ನಮ್ಮ ಪ್ರತಿನಿಧಿ ಎಲ್ಲಿ? ಕೆಂಗೇರಿಗೆ 2007ರ ತನಕ ತನ್ನದೇ ಪುರಸಭೆಯಿತ್ತು. ಅದನ್ನು ಮಹಾನಗರದೊಳಗೆ ಸೇರಿಸಿದರು. ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ಅಧಿಕಾರಿಗಳೇ ಆಳಿದರು. 2025ರಲ್ಲಿ ಪಾಲಿಕೆಯನ್ನು ಐದು ಮಾಡಿದರು, ಅದರಲ್ಲಿ ಪಶ್ಚಿಮವೂ ಒಂದು. ಐದಾಗಲಿ, ಐವತ್ತಾಗಲಿ, ವಾರ್ಡಿನ ಸಭೆ ಸೇರದಿದ್ದರೆ ಪ್ರಜೆಗೆ ಸಿಕ್ಕಿದ್ದೇನು?

ಕಾನೂನಿನಲ್ಲಿ ಕೆಲವು ಬಾಗಿಲುಗಳಿವೆ, ತಳ್ಳಿ ನೋಡಿದವರು ಕಡಿಮೆ. 2002ರ ಜೀವವೈವಿಧ್ಯ ಕಾಯಿದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಒಂದು ಸಮಿತಿ ಮಾಡಬೇಕು, ಊರಿನ ಗಿಡಮರ ಜೀವಿಗಳ ದಾಖಲೆ ಬರೆಯಬೇಕು ಎನ್ನುತ್ತದೆ. 1976ರ ಮರ ಸಂರಕ್ಷಣಾ ಕಾಯಿದೆಯಂತೆ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ವಾರ್ಡು ಸಮಿತಿ ಎಂಬುದೂ ಕಾನೂನಿನಲ್ಲಿದೆ. ಈ ಸಮಿತಿಗಳಲ್ಲಿ ನಿವೃತ್ತ ಅಧಿಕಾರಿಗಳ ಜತೆಗೆ ಕುರಿ ಕಾಯುವವನೂ, ಪೌರಕಾರ್ಮಿಕ ಹೆಣ್ಣುಮಗಳೂ, ಕಲ್ಲು ಒಡೆಯುವವನೂ ಕೂರಬೇಕು. ಕೆರೆಯ ಗಡಿ, ಗಣಿಯ ಗುತ್ತಿಗೆ, ಕಾಡಿನ ಗೇಟು, ಯಾವುದೇ ಇರಲಿ, ಆ ಸಮಿತಿಯ ಒಪ್ಪಿಗೆಯಿಲ್ಲದೆ ಬದಲಾಗಕೂಡದು. ಸಲಹೆ ಕೇಳಿದರೆ ಸಾಲದು, ಒಪ್ಪಿಗೆ ಬೇಕು. ಸಲಹೆಯನ್ನು ಕಡತದೊಳಗೆ ಇಟ್ಟು ಮರೆಯಬಹುದು.

ಒಂದು ಕೆಲಸವನ್ನು ನಾವೇ ಮಾಡಬಹುದು, ಯಾರ ಅಪ್ಪಣೆಯೂ ಬೇಡ. ಹಳೆಯ ಗ್ರಾಮ ನಕಾಶೆಗಳ ಪ್ರತಿ ಸರ್ವೆ ಕಚೇರಿಯಲ್ಲಿ ಸಿಗುತ್ತದೆ. ವಾರ್ಡಿಗೊಂದು ತರಿಸಿ, ಯಾವ ಕೋಡಿಯ ನೀರು ಯಾವ ಬೀದಿಯ ಕೆಳಗೆ ಹರಿದು ವೃಷಭಾವತಿಗೆ ಸೇರುತ್ತಿತ್ತೆಂಬುದನ್ನು ಗುರುತು ಹಾಕೋಣ. ಕೆರೆ ಉಳಿದಿರುವಲ್ಲಿ ಕಲ್ಲು ನೆಡಿಸಿ ಎಂದು ತಹಸೀಲ್ದಾರರ ಮುಂದೆ ಕೂರೋಣ. ಕೆರೆ ಹೋದಲ್ಲಿ ಕಾಲುವೆಯನ್ನಾದರೂ ಬಿಡಿಸಿಕೊಳ್ಳೋಣ. ಕೋಡಿ ಬಿದ್ದದ್ದನ್ನು ಕಣ್ಣಾರೆ ಕಂಡ ಮುದುಕರು ಇನ್ನೂ ನಮ್ಮ ಬೀದಿಗಳಲ್ಲಿದ್ದಾರೆ, ಅವರನ್ನು ಕರೆತನ್ನಿ. ಮನೆಯಲ್ಲಿ ಹಳೆಯ ಕ್ರಯಪತ್ರವಿದ್ದರೆ ಅದರ ಚಕ್ಕುಬಂದಿ ಓದಿ ನೋಡಿ. ಪೂರ್ವಕ್ಕೆ ಕೆರೆ, ಪಶ್ಚಿಮಕ್ಕೆ ಹಳ್ಳ ಎಂದು ಬರೆದಿರುವ ಪತ್ರಗಳು ಎಷ್ಟೋ ಮನೆಗಳ ಟ್ರಂಕಿನಲ್ಲಿವೆ. ಅವನ್ನೂ ತನ್ನಿ.